ಕೆರೆ ಕೆಲಸ ಮಡ್ಡಿ ಮೇಲಿಂದ ಶುರು ಮಾಡಿ

ಪ್ರತಿ ಬೇಸಿಗೆ ನಮ್ಮ ಕಲಬುರಗಿ ಕಡೆ ಇದೇ ಕಥೆ. ಕೆರೆ ಒಣಗುತ್ತದೆ, ಜೆಸಿಬಿ ಬರುತ್ತದೆ, ಕಾಯಿ ಒಡೆಯುತ್ತಾರೆ, ಫೋಟೋ ಆಗುತ್ತದೆ, ಒಂದು ತಿಂಗಳು ಹೂಳು ತೆಗೆಯುತ್ತಾರೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಕೆರೆ ಮತ್ತೆ ಮೊದಲಿನ ಹಾಗೆ ತಟ್ಟೆ. ನಮ್ಮೂರಲ್ಲಿ ಎರಡು ಸಲ ಹೀಗಾಯಿತು. ಮೂರನೇ ಸಲ ನಾವು ಕೆರೆ ಬಿಟ್ಟು ಮೇಲಿನ ಮಡ್ಡಿಗೆ, ಅಂದರೆ ಕೆರೆಗೆ ನೀರು ಹರಿದು ಬರುವ ಎತ್ತರದ ಕಲ್ಲು ನೆಲಕ್ಕೆ ಹೋದೆವು. ಅಲ್ಲಿ ಕಲಿತದ್ದನ್ನು, ನಿಮ್ಮೂರಲ್ಲಿ ನೀವೇ ಮಾಡಿಕೊಳ್ಳುವ ಹಾಗೆ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆರೆ ಯಾರದ್ದು ಅಂತ ತಿಳಿದುಕೊಳ್ಳಿ. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತಿಗಳ ಕಡೆ ಬರುತ್ತದೆ, 40ರಿಂದ 2,000 ಹೆಕ್ಟೇರ್ ತನಕ ಸಣ್ಣ ನೀರಾವರಿ ಇಲಾಖೆ. ಕಾರಂಜಾ, ಬೆಣ್ಣೆತೊರಾ, ಅಮರ್ಜಾದಂಥ ದೊಡ್ಡ ಜಲಾಶಯಗಳು ನೀರಾವರಿ ನಿಗಮದ್ದು. ಯಾರದ್ದೋ ಗೊತ್ತಿಲ್ಲದೆ ಸಲಿಕೆ ಹಾಕಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಒಂದು ಅರ್ಜಿ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ, ಮುಂದೆ ಹೋಗೋಣ.

ಬಾಟಲಿ ಲೆಕ್ಕ

ಮೃಗಶಿರ ಮಳೆ ಬಿದ್ದು ಹಳ್ಳ ಹರಿಯಲು ಶುರುವಾದ ದಿನ ಒಂದು ಲೀಟರ್ ನೀರಿನ ಬಾಟಲಿ ತೆಗೆದುಕೊಂಡು ಹೋಗಿ. ಹಳ್ಳ ಕೆರೆಗೆ ಸೇರುವ ಜಾಗದಲ್ಲಿ ತುಂಬಿ ತಂದು ಕಟ್ಟೆಯ ಮೇಲೆ ಇಡಿ. ಎರೆ ಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ, ನೀರು ಎರಡು ಮೂರು ದಿನ ಇಟ್ಟರೂ ತಿಳಿಯಾಗುವುದಿಲ್ಲ, ಅದಕ್ಕೆ ಚಿಟಿಕೆ ತುರಟಿ ಹಾಕಿ, ಅದೇ ಪಟಿಕ. ಮಾರನೇ ದಿನ ತಳದಲ್ಲಿ ಎಷ್ಟು ಮಣ್ಣು ಕೂತಿದೆ ನೋಡಿ.

ನೀರಿನ ನೂರನೇ ಒಂದು ಪಾಲು ಮಣ್ಣಿದ್ದರೆ ಬಾಟಲಿ ತಳದಲ್ಲಿ ಜೋಳದ ಕಾಳಿನಷ್ಟು ದಪ್ಪವೂ ಕಾಣುವುದಿಲ್ಲ. ಇಷ್ಟೇನಾ ಅನ್ನಿಸುತ್ತದೆ. ಆದರೆ ಲೆಕ್ಕ ಮಾಡಿ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ನಿಮ್ಮ ಕೆರೆಗೆ 500 ಎಕರೆ ಮೇಲೆ ಬಿದ್ದ ನೀರು ಬರುತ್ತದೆ, ಅದರಲ್ಲಿ ಮೂರನೇ ಒಂದು ಪಾಲು ಹರಿದು ಬಂತು ಅಂದುಕೊಂಡರೆ ಒಂದು ಕೋಟಿ ಅರವತ್ತು ಲಕ್ಷ ಲೀಟರ್‌ಗೂ ಜಾಸ್ತಿ. ಅದರಲ್ಲಿ ನೂರಕ್ಕೆ ಒಂದು ಮಣ್ಣು ಅಂದರೆ ಒಂದು ಲಕ್ಷ ಅರವತ್ತು ಸಾವಿರ ಲೀಟರ್ ಹಿಡಿಸುವಷ್ಟು ಜಾಗ ಹೋಯಿತು. ಒಂದು ಟ್ರ್ಯಾಕ್ಟರ್ ಟ್ರಾಲಿಗೆ ಒಂದು ಬ್ರಾಸ್, ಅಂದರೆ 100 ಘನ ಅಡಿ, ಸುಮಾರು 2,800 ಲೀಟರ್. ಒಂದೇ ಒಂದು ಜೋರು ಮಳೆಗೆ ಹತ್ತಿರ ಹತ್ತಿರ ಅರವತ್ತು ಟ್ರಾಲಿ ಹೂಳು! ನೀವು ಬಾಡಿಗೆ ಕೊಟ್ಟು ಎತ್ತಿದ್ದನ್ನು ಹಳ್ಳ ಪುಕ್ಕಟೆಯಾಗಿ ವಾಪಸ್ ತಂದು ಹಾಕುತ್ತದೆ. ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಬಾಟಲಿ ಇಟ್ಟುಕೊಂಡೇ ಹೇಳಿ. ಬರೀ ಮಾತಿಗೆ ಯಾರೂ ತಲೆ ಎತ್ತುವುದಿಲ್ಲ, ಬಾಟಲಿ ನೋಡಿದರೆ ಎದ್ದು ಬರುತ್ತಾರೆ.

ಮೇಲಿನವರ ಮನೆ ಬಾಗಿಲು

ಈಗ ಕಷ್ಟದ ಭಾಗ. ನೀರು ಬೇಕಾದವರು ಕೆರೆಯ ಕೆಳಗಿನವರು, ಮಣ್ಣು ತಡೆಯಬೇಕಾದವರು ಮೇಲಿನವರು. ನಾನು ಮೊದಲ ಸಲ ಮೇಲಿನ ಹೊಲದ ಕಾಕಾ ಒಬ್ಬರ ಹತ್ತಿರ ಹೋಗಿ ಒಡ್ಡು ಹಾಕಿಸೋಣ ಅಂದಾಗ ಅವರು ಚಹಾ ಕೊಟ್ಟು ನಕ್ಕರು. "ಒಡ್ಡು ನಮ್ಮ ಹೊಲದಾಗ, ನೀರು ಕೆಳಗಿನವರಿಗೆ. ನಮಗೇನ್ ಫಾಯ್ದಾ, ತಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಒಡ್ಡಿನಿಂದ ಹೊಲದ ಹಸಿ ಉಳಿಯುತ್ತದೆ ಅಂತೆಲ್ಲ ಹೇಳಿದೆ, ಅದು ನಿಜವೂ ಹೌದು, ಆದರೆ ಅವರ ಹೊಲ ಗರಸು, ಬರೀ ಸಣ್ಣ ಕಲ್ಲಿನ ನೆಲ, ಒಂದು ಗೇಣು ಮಣ್ಣಿಲ್ಲ. ಹಸಿ ಎಲ್ಲಿ ನಿಲ್ಲಬೇಕು?

ಉತ್ತರ ಕೆರೆಯೊಳಗೇ ಇತ್ತು. ಹೂಳು. ಅಲ್ಲಿಗೆ ಬಂದ ಮಣ್ಣು ಅವರ ಹೊಲದ್ದೇ ಅಲ್ವಾ. ಹೂಳು ಎತ್ತಿದಾಗ ಮೊದಲ ಟ್ರಾಲಿಗಳು ಮೇಲಿನ ಗರಸು, ಕೆಂಪು ಹೊಲಕ್ಕೆ, ಆದರೆ ಒಡ್ಡು ಹಾಕಿದವರಿಗೆ ಮಾತ್ರ. ಹೀಗೆ ಒಂದು ಕರಾರು ಮಾಡಿಕೊಂಡ ಮೇಲೆ ಕಾಕಾನೇ ಲೆವೆಲ್ ಪೈಪ್ ಹಿಡಿದು ನಿಂತರು. ಇನ್ನೊಂದು ಮಾತು: ಹೂಳನ್ನು ಎರೆ ಹೊಲಕ್ಕೆ ಹಾಕಿ ಪ್ರಯೋಜನವಿಲ್ಲ, ಎರೆ ಮೇಲೆ ಇನ್ನೊಂದು ಎರೆ. ಇಟ್ಟಿಗೆ ಭಟ್ಟಿಗಂತೂ ಬೇಡವೇ ಬೇಡ. ನಮ್ಮಲ್ಲಿ ಒಬ್ಬ ಗುತ್ತಿಗೆದಾರ ಪುಕ್ಕಟೆ ಹೂಳು ತೆಗೆಯುತ್ತೇನೆ ಅಂತ ಬಂದ. ಅವನಿಗೆ ಬೇಕಾದ ಒಳ್ಳೆ ಜಿಗುಟು ಮಣ್ಣನ್ನು ಏರಿಯ, ಅಂದರೆ ಕೆರೆಯ ಮಣ್ಣಿನ ಕಟ್ಟೆಯ, ಬುಡದಿಂದಲೇ ಬಾವಿಯಂತೆ ತೋಡಿ ಒಯ್ದ, ಉಳಿದ ಕೆರೆ ಹಾಗೇ ಬಿಟ್ಟ. ಏರಿಯ ಬುಡದಿಂದ ಕನಿಷ್ಠ ಹದಿನೈದು ಇಪ್ಪತ್ತು ಮೀಟರ್ ಬಿಟ್ಟು ತೋಡಬೇಕು, ಇದನ್ನು ಯಾರ ಮುಲಾಜಿಗೂ ಬಿಡಬೇಡಿ.

ಮಣ್ಣು ನೋಡಿ ಒಡ್ಡು

ಒಂದೇ ನಕ್ಷೆ ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಗೂ ಆಗುವುದಿಲ್ಲ. ಬೀದರ್ ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಅದು ತೂತು ತೂತು ಕಲ್ಲು, ಮಳೆ ನೀರು ಕುಡಿಯುತ್ತದೆ, ಕೆಳಗಿನ ಗಟ್ಟಿ ಕರಿಕಲ್ಲು ಸಿಕ್ಕಾಗ ಅಂಚಿನಲ್ಲಿ ಹೊರಗೆ ಬರುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶ ಎಲ್ಲಾ ಇಂಥ ದಿಬ್ಬದ ಅಂಚಿನ ಬುಗ್ಗೆಗಳೇ. ಅಂಥ ಕಡೆ ಗುಡ್ಡದ ಇಳಿಜಾರಿಗೆ ಅಡ್ಡ ಕಂದಕ ತೋಡಿ ನೀರು ನಿಲ್ಲಿಸಿದರೆ ಇಂಗುತ್ತದೆ. ಯಾದಗಿರಿ, ಗುರುಮಠಕಲ್ ಕಡೆಯ ಕೆಂಪು ಮರಳು ಮಣ್ಣಿಗೂ ಸಮಪಾತಳಿ ಒಡ್ಡು, ಅಂದರೆ ಉದ್ದಕ್ಕೂ ಒಂದೇ ಮಟ್ಟದಲ್ಲಿ ಹೋಗುವ ಒಡ್ಡು, ಸರಿ.

ಎರೆ ಹೊಲಕ್ಕೆ ಮಾತ್ರ ಇದನ್ನೇ ಮಾಡಿದರೆ ಕೆಟ್ಟಿರಿ. ಎರೆಯಲ್ಲಿ ನೀರು ಇಂಗುವುದು ನಿಧಾನ, ಒಡ್ಡಿನ ಹಿಂದೆ ನಿಂತು ತೊಗರಿ ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಒಡ್ಡು ಬಿರುಕು ಬಿಟ್ಟಿರುತ್ತದೆ, ಮೊದಲ ಮಳೆಗೇ ಅಲ್ಲಿಂದ ಹರಿದು ಕಾಲುವೆ ಬೀಳುತ್ತದೆ. ಎರೆಗೆ ಸ್ವಲ್ಪ ಇಳಿಜಾರು ಕೊಟ್ಟ ಒಡ್ಡು ಹಾಕಿ, ಕೊನೆಯಲ್ಲಿ ಹೆಚ್ಚಿನ ನೀರು ಹೊರಹೋಗಲು ಕಲ್ಲಿನ ಕೋಡಿ ಬಿಡಿ. ನೀರು ನಿಲ್ಲುವುದು ಬೇಡ, ನಡೆಯಲಿ, ಓಡುವುದು ಬೇಡ. ಹಿಂಗಾರಿ ಜೋಳದ ಹೊಲವಾದರೆ ಮುಂಗಾರಿನಲ್ಲಿ ಚೌಕು ಮಡಿ ಮಾಡಿ ಬಿಟ್ಟರೆ ಸಾಕು.

ಮಟ್ಟ ಹಿಡಿಯಲು ಎಂಜಿನಿಯರ್ ಬೇಕಿಲ್ಲ, ಗೌಂಡಿಯ ಲೆವೆಲ್ ಪೈಪ್ ಸಾಕು. ಎರಡು ಕೋಲಿಗೆ ಪೈಪಿನ ಎರಡು ತುದಿ ಕಟ್ಟಿ, ನೀರು ತುಂಬಿ, ಒಬ್ಬರು ನಿಂತಲ್ಲೇ ನಿಂತು ಇನ್ನೊಬ್ಬರು ಮೇಲೆ ಕೆಳಗೆ ಸರಿಯುತ್ತಾ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ಬರುವ ಜಾಗಕ್ಕೆ ಸುಣ್ಣ ಹಾಕಿ. ಸುಣ್ಣದ ಗೆರೆ ಹಾವಿನಂತೆ ಸೊಟ್ಟ ಹೋಗುತ್ತದೆ, ಹೋಗಲಿ, ನೆಟ್ಟಗೆ ಮಾಡಲು ಹೋಗಬೇಡಿ.

ಸಣ್ಣ ಕೊರಕಲುಗಳಿಗೆ ಕಲ್ಲಿನ ತಡೆ ಹಾಕಿ. ಮೇಲಿನಿಂದ ಶುರು, ಕೆಳಗಿನಿಂದಲ್ಲ. ಎತ್ತರ ಒಂದು ಮೀಟರ್ ದಾಟಬಾರದು. ನಡುವೆ ತಗ್ಗು, ಎರಡು ಬದಿ ಎತ್ತರ, ಇಲ್ಲದಿದ್ದರೆ ನೀರು ಬದಿಯ ಮಣ್ಣು ಕೊರೆದು ಸುತ್ತಿ ಹೋಗುತ್ತದೆ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಪಾದದ ಮಟ್ಟಕ್ಕೆ ಬರಬೇಕು, ಅಂತರದ ಲೆಕ್ಕ ಅಷ್ಟೇ. ಇಂಥ ಕೆಲಸಗಳನ್ನು ಉದ್ಯೋಗ ಖಾತ್ರಿಯಲ್ಲಿ ಮಾಡಿಸಲು ಬರುತ್ತದೆ, ಆದರೆ ಪಂಚಾಯತಿಯ ಕ್ರಿಯಾ ಯೋಜನೆಯಲ್ಲಿ ಮೊದಲೇ ಸೇರಿರಬೇಕು. ಮೇ ತಿಂಗಳಲ್ಲಿ ಎಚ್ಚರಾಗಿ ಓಡಿದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ.

ಏರಿ, ಕೋಡಿ, ಒಂದು ರಾತ್ರಿ

ರೋಹಿಣಿ ಮಳೆಗೆ ಮುಂಚೆ ಏರಿಯ ಮೇಲೆ ಒಂದು ಸುತ್ತು, ಕೆಳಗಿನ ಬುಡದಲ್ಲಿ ಒಂದು ಸುತ್ತು ನಡೆಯಿರಿ. ಇಲಿ ಬಿಲ, ಏಡಿ ಬಿಲ, ಹುತ್ತ, ಉದ್ದುದ್ದ ಬಿರುಕು, ಜಾಲಿ ಗಿಡ, ಎಲ್ಲಾ ಗುರುತು ಮಾಡಿ. ಜಾಲಿಯನ್ನು ಸಣ್ಣದಿರುವಾಗಲೇ ಕಿತ್ತುಬಿಡಿ. ದೊಡ್ಡ ಮರವಾದರೆ ಬೇರು ಸತ್ತ ಮೇಲೆ ಅದೇ ದಾರಿಯಲ್ಲಿ ನೀರು ನುಗ್ಗುತ್ತದೆ.

ಕೆರೆ ತುಂಬಿದ ಮೇಲೆ ಬುಡದಲ್ಲಿ ಒಸರು ಕಂಡರೆ ಅಂಗೈಯಲ್ಲಿ ಹಿಡಿದು ನೋಡಿ. ತಿಳಿ ನೀರಾದರೆ ಗಾಬರಿ ಬೇಡ, ದಿನಾ ಕಣ್ಣಿಡಿ. ಕದಡಿದ ನೀರು ಬಂದರೆ ಏರಿಯ ಹೊಟ್ಟೆಯ ಮಣ್ಣೇ ಹೊರಗೆ ಬರುತ್ತಿದೆ ಅಂತ ಅರ್ಥ. ಆಗ ಎಲ್ಲರೂ ಮಾಡುವ ತಪ್ಪೆಂದರೆ ಹೊರಗಿನಿಂದ ಜಿಗುಟು ಮಣ್ಣು ಮೆತ್ತಿ ಮುಚ್ಚುವುದು. ನೀರಿಗೆ ದಾರಿ ಬೇಕು, ಇಲ್ಲಿ ಮುಚ್ಚಿದರೆ ಪಕ್ಕದಲ್ಲಿ ಒಡೆಯುತ್ತದೆ. ಒಸರಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಕಡಿ, ಮೇಲೆ ದಪ್ಪ ಕಲ್ಲು ಹಾಕಿ. ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಸುತ್ತ ಮರಳು ಚೀಲ ಜೋಡಿಸಿ, ಇಲಾಖೆಗೆ ಫೋನ್ ಮಾಡಿ, ತೂಬು, ಅಂದರೆ ಕೆರೆಯ ನೀರು ಬಿಡುವ ಬಾಗಿಲು, ಬಿಚ್ಚಿ ನೀರು ಇಳಿಸಿ.

ಕೋಡಿಯ ವಿಷಯ ನನ್ನ ಅನುಭವದ್ದು. ಒಂದು ವರ್ಷ ಇನ್ನೊಂದು ಅಡಿ ನೀರು ನಿಲ್ಲಲಿ ಅಂತ ನಾವೇ ಹುಡುಗರು ಸೇರಿ ಕೋಡಿಗೆ ಅಡ್ಡ ಮರಳು ಚೀಲ ಇಟ್ಟೆವು. ಬುದ್ಧಿವಂತಿಕೆ ಅಂದುಕೊಂಡಿದ್ದೆವು. ಉತ್ತರಿ ಮಳೆ ರಾತ್ರಿ ಹಿಡಿಯಿತು ನೋಡಿ, ಎರಡು ಗಂಟೆಗೆ ನೀರು ಏರಿಯ ತಲೆಯಿಂದ ಒಂದು ಗೇಣು ಕೆಳಗಿತ್ತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇಟ್ಟ ಚೀಲಗಳನ್ನು ನಾವೇ ಕುಡುಗೋಲಿನಿಂದ ಹರಿದೆವು. ಮಣ್ಣಿನ ಏರಿ ಮೇಲಿಂದ ನೀರು ಒಮ್ಮೆ ಹೊರಳಿದರೆ ಮುಗಿಯಿತು, ಯಾವ ದೇವರೂ ನಿಲ್ಲಿಸುವುದಿಲ್ಲ. ಕೋಡಿ ಎತ್ತರಿಸಬೇಡಿ. ಕೋಡಿ ಹಳ್ಳದಲ್ಲಿ ಯಾರೂ ಬಿತ್ತದ ಹಾಗೆ, ಗೋಡೆ ಕಟ್ಟದ ಹಾಗೆ ನೋಡಿಕೊಳ್ಳಿ.

ನೀರು ಬಂದ ಮೇಲೆ

ತೂಬಿನ ಹತ್ತಿರ ಗೋಡೆಗೆ ಅಡಿ ಇಂಚಿನ ಪಟ್ಟಿ ಬಣ್ಣದಲ್ಲಿ ಬರೆಸಿ, ವಾರಕ್ಕೊಮ್ಮೆ ಒಂದು ವಹಿಯಲ್ಲಿ ಬರೆದಿಡಿ. ನಮ್ಮ ಬಿಸಿಲಿಗೆ ಕಡು ಬೇಸಿಗೆಯಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ಹತ್ತಿರ ನೀರು ಆರುತ್ತದೆ, ಒಂದು ಎಕರೆ ಕೆರೆಗೆ ಅದು 40,000 ಲೀಟರ್. ಅದಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ತೂಬು ಸೋರುತ್ತಿದೆ, ತಳದಲ್ಲಿ ಇಂಗುತ್ತಿದೆ, ಇಲ್ಲಾ ಯಾರೋ ರಾತ್ರಿ ಮೋಟರ್ ಹಚ್ಚಿದ್ದಾರೆ. ಜಿನುಗು ಕೆರೆಯಾದರೆ, ಅಂದರೆ ನೀರು ಇಂಗಿಸಲೆಂದೇ ಕಟ್ಟಿದ ಕೆರೆಯಾದರೆ, ಇಳಿಯಲೇಬೇಕು, ಅದರ ಕೆಲಸವೇ ಅದು, ಕೆಳಗಿನ ಬಾವಿ ನೋಡಿ ಲೆಕ್ಕ ಹಾಕಿ. ಜಿನುಗು ಕೆರೆಯ ತಳದ ನಯವಾದ ಪದರ ವರ್ಷಕ್ಕೊಮ್ಮೆ ಕೆರೆದರೆ ಸಾಕು, ಆಳ ಬೇಕಿಲ್ಲ. ನೀರಾವರಿ ಕೆರೆಯಲ್ಲಿ ಇದಕ್ಕೆ ಉಲ್ಟಾ, ಹೂಳು ತೆಗೆಯುವ ಭರದಲ್ಲಿ ತಳದ ಗರಸು ತನಕ ಹೋದರೆ ನೀರು ನಿಲ್ಲುವುದಿಲ್ಲ. ದನಕ್ಕೆ, ಹಕ್ಕಿಗೆ ತೂಬಿನ ಮಟ್ಟದ ಕೆಳಗಿನ ನೀರು ಬಿಟ್ಟುಬಿಡಿ. ಅದಕ್ಕೆ ಮೋಟರ್ ಇಳಿಸುವವರನ್ನು ಮಾತ್ರ ಊರೇ ಸೇರಿ ತಡೆಯಬೇಕು. ಸುರಪುರದ ಹತ್ತಿರ ಬೋನಾಳ ಕೆರೆಗೆ ಹೋಗಿ ಬನ್ನಿ, ಮನುಷ್ಯರು ಕಟ್ಟಿದ ಕೆರೆ ಇವತ್ತು ಪಕ್ಷಿಧಾಮ.

ದೊಡ್ಡ ಜಲಾಶಯದ ಕೆಳಗಿನ ಊರಿನವರಿಗೆ ಬೇರೆ ಕೆಲಸ ಇದೆ. ಗೇಟು ನಿಮ್ಮ ಕೈಯಲ್ಲಿಲ್ಲ, ಆದರೆ ಸುದ್ದಿ ಓದಲು ಬರಬೇಕು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 11,500 ಕ್ಯುಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಕಾರಂಜಾ ತುಂಬಿದರೆ ಏಳೂವರೆ ಟಿಎಂಸಿಗೆ ಸ್ವಲ್ಪ ಮೇಲೆ. ಈಗ ಒಳಹರಿವು ಎಷ್ಟು, ಖಾಲಿ ಜಾಗ ಎಷ್ಟು ಗೊತ್ತಿದ್ದರೆ ಗೇಟು ಎಷ್ಟೊತ್ತಿಗೆ ಎತ್ತಬಹುದು ಅಂತ ನೀವೇ ಅಂದಾಜು ಮಾಡಬಹುದು. ಭೀಮಾ ದಂಡೆಯವರು ಸೊನ್ನ ಬ್ಯಾರೇಜಿನ ಜೊತೆಗೆ ಮಹಾರಾಷ್ಟ್ರದ ಉಜನಿ ಜಲಾಶಯದ ಕಡೆಯೂ ಕಿವಿ ಇಡಬೇಕು. 2020ರ ಅಕ್ಟೋಬರ್ ಪ್ರವಾಹ ಬಂದಾಗ ಮುಂಗಾರು ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅದಕ್ಕೇ ಚಿತ್ತಿ ಮಳೆ ಕಳೆಯುವ ತನಕ ನದಿ ದಂಡೆಯ ಮೋಟರ್, ಪೈಪು, ಕಟ್ಟಿದ ದನ, ಮೂರನ್ನೂ ರಾತ್ರಿ ಮೇಲಕ್ಕೆ ತಂದುಬಿಡಿ.