ಬಿಪಿ ಒಮ್ಮೆಲೇ ಇಳಿದರೆ ನಾನು ಏನು ಮಾಡುತ್ತೇನೆ

ನಾನು ಹುಬ್ಬಳ್ಳಿಯಲ್ಲಿ ಅರಿವಳಿಕೆ ವೈದ್ಯ. ಗದಗ, ಹಾವೇರಿ ಕಡೆಯ ನರ್ಸಿಂಗ್ ಹೋಮ್‌ಗಳಿಗೂ ಹೋಗುತ್ತೇನೆ. ಅರಿವಳಿಕೆ ಕೊಡುವಾಗ ಯಾವುದೋ ಔಷಧಿಗೆ ತೀವ್ರ ಅಲರ್ಜಿಯಾಗಿ ಬಿಪಿ ಒಮ್ಮೆಲೇ ಇಳಿಯುವುದುಂಟು. ನಾನು ಹೇಳುತ್ತಿರುವುದು ಅದರ ಬಗ್ಗೆ.

ಆಪರೇಷನ್‌ಗೆ ಮುಂಚೆ "ಅಲರ್ಜಿ ಇದೆಯಾ?" ಅಂತ ಕೇಳಿದರೆ ಬಹುತೇಕರು ಇಲ್ಲ ಅಂತಾರೆ. "ಗುಳಿಗಿ, ಸೂಜಿ ತಗೊಂಡಾಗ ಮೈಮ್ಯಾಲೆ ಪಿತ್ತದ ಗಂಧಿ ಎದ್ದಿದ್ವೇನ್ರಿ?" ಅಂದರೆ ಕಥೆ ಹೊರಬರುತ್ತದೆ. ಬದನೆಕಾಯಿ ತಿಂದರೆ ತುರಿಕೆ ಎನ್ನುವವರೂ ಸಿಗುತ್ತಾರೆ. ಅದಕ್ಕೆ ನಾನು ಹೆದರುವುದಿಲ್ಲ.

ಆ್ಯಂಟಿಬಯೋಟಿಕ್ ಅನ್ನು ಪೇಷಂಟ್ ಎಚ್ಚರ ಇರುವಾಗಲೇ ಕೊಡುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಮಾತಾಡಿಸುತ್ತಾ ಕೂರುತ್ತೇನೆ. ಬ್ರಿಟನ್ನಿನ ಅರಿವಳಿಕೆ ವೈದ್ಯರ ಕಾಲೇಜು 2018ರಲ್ಲಿ ಕೊಟ್ಟ ವರದಿಯಲ್ಲಿ ಇಂಥ ತೀವ್ರ ಅಲರ್ಜಿ ಅರಿವಳಿಕೆ ಪಡೆದ ಸುಮಾರು 10,000 ಜನರಲ್ಲಿ ಒಬ್ಬರಿಗೆ ಆಗಿತ್ತು. ಕಾರಣ ಗೊತ್ತಾದವುಗಳಲ್ಲಿ ಅರ್ಧದಷ್ಟು ಆ್ಯಂಟಿಬಯೋಟಿಕ್‌ನಿಂದ, ಮೂರನೇ ಒಂದು ಪಾಲು ಸ್ನಾಯು ಸಡಿಲಿಸುವ ಔಷಧಿಯಿಂದ.

ಗದಗಿನಲ್ಲಿ ಪಿತ್ತಕೋಶದ ಕಲ್ಲಿಗೆ ಬಂದಿದ್ದ ಹೆಣ್ಣುಮಗಳಿಗೆ ಆ್ಯಂಟಿಬಯೋಟಿಕ್ ಏನೂ ಮಾಡಲಿಲ್ಲ. ನಿದ್ದೆ ಬರಿಸುವ ಪ್ರೊಪೊಫಾಲ್, ಸ್ನಾಯು ಸಡಿಲಿಸುವ ಎಟ್ರಾಕ್ಯೂರಿಯಂ ಕೊಟ್ಟು ಉಸಿರಾಟದ ಟ್ಯೂಬ್ ಹಾಕಿದೆ. ಉಸಿರು ಕೊಡುವ ಬ್ಯಾಗ್ ಒತ್ತಲು ಬಿಗಿಯಾಯಿತು. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಅಂಕಿ ಕುಸಿಯಿತು. ಬಿಪಿ ಮಷೀನ್ ಸುಮ್ನೆ ಗಾಳಿ ತುಂಬಿಸಿಕೊಳ್ಳುತ್ತಲೇ ಇತ್ತು, ಅಂಕಿ ತೋರಿಸಲಿಲ್ಲ. ಮೈಮೇಲೆ ಒಂದು ಗಂಧೆಯೂ ಇಲ್ಲ.

"ಎವಿಲ್, ಹೈಡ್ರೋಕಾರ್ಟಿಸೋನ್ ತರ್ರಿ" ಅಂತ ಯಾರೋ ಕೂಗಿದರು. ಎರಡೂ ಅಲರ್ಜಿಗೆ ಕೊಡುವ ಔಷಧಿಗಳು; ಇದು ಎಲ್ಲಾ ಓಟಿಯಲ್ಲೂ ಕೇಳುವ ಕೂಗು. ಆದರೆ ಆ ಹೊತ್ತಿಗೆ ಜೀವ ಉಳಿಸುವುದು ಅಡ್ರಿನಲಿನ್. 1 ಮಿಗ್ರಾಂ ಆಂಪುಲ್ ಅನ್ನು ಸಲೈನ್ ಸೇರಿಸಿ 10 ಮಿಲಿ ಮಾಡಿದೆ. ಅದರಲ್ಲಿ ಅರ್ಧ ಮಿಲಿ, ಅಂದರೆ 50 ಮೈಕ್ರೋಗ್ರಾಂ, ರಕ್ತನಾಳಕ್ಕೆ. ಬಿಪಿ ನೋಡಿ ಮತ್ತೆ ಅಷ್ಟೇ. ಪೂರ್ತಿ ಆಕ್ಸಿಜನ್ ಕೊಟ್ಟು, ಕಾಲು ಎತ್ತರಿಸಿ, ಸಲೈನ್ ಬಾಟಲಿ ಒತ್ತಿ ಹರಿಸಿದೆವು. ಬಿಪಿ ಏರಿದ ಮೇಲೆ ಮೈತುಂಬ ಕೆಂಪು ದದ್ದು ಎದ್ದವು. ಚರ್ಮಕ್ಕೆ ರಕ್ತ ಮರಳಿದ ಮೇಲೇ ಅವು ಕಾಣುವುದುಂಟು. ದದ್ದಿಗಾಗಿ ಕಾಯುತ್ತಾ ಕೂತಿದ್ದರೆ ಕಷ್ಟ ಅಲ್ವಾ?

ಆಪರೇಷನ್ ಮುಂದೂಡಿ ಹುಬ್ಬಳ್ಳಿಯ ಐಸಿಯುಗೆ ಕರೆತಂದೆವು. ಇಂಥ ಅಲರ್ಜಿಯಲ್ಲಿ ರಕ್ತದಲ್ಲಿ ಏರುವ ಟ್ರಿಪ್ಟೇಸ್ ಎಂಬ ವಸ್ತುವಿನ ಪರೀಕ್ಷೆಗೆ ಅವತ್ತೂ ರಕ್ತ ತೆಗೆದೆವು, ಮರುದಿನವೂ ತೆಗೆದೆವು. ಎರಡನ್ನೂ ಹೋಲಿಸಿದರೇ ಅರ್ಥ.

"ಡೋಸ್ ಜಾಸ್ತಿ ಆತೇನ್ರಿ?" ಅಂತ ಆಕೆಯ ಗಂಡ ಕೇಳಿದರು. ಕೇಳುವುದು ಸಹಜ. ಇದಕ್ಕೆ ಡೋಸ್ ಜಾಸ್ತಿ ಆಗಬೇಕಿಲ್ಲ, ಹಿಂದೆಂದೂ ಅರಿವಳಿಕೆ ತಗೊಳ್ಳದವರಿಗೂ ಬರಬಹುದು ಎಂದು ಕೂತು ವಿವರಿಸಿದೆ. ಕೊಟ್ಟ ಔಷಧಿಗಳ ಹೆಸರು, ಹೊತ್ತು, ಏನಾಯಿತು ಎಲ್ಲವನ್ನೂ ಬರೆದು ಕೈಗಿತ್ತೆ.

ಆರು ವಾರ ಬಿಟ್ಟು ಚರ್ಮದ ಪರೀಕ್ಷೆ ಆಯಿತು. ಎಟ್ರಾಕ್ಯೂರಿಯಂ ಪಾಸಿಟಿವ್. ಇದೇ ಗುಂಪಿನ ಒಂದು ಒಗ್ಗದಿದ್ದರೆ ಇನ್ನೊಂದೂ ಒಗ್ಗದಿರಬಹುದು ಅಂತ ವೆಕ್ಯೂರೋನಿಯಂ ಕೂಡ ನೋಡಿಸಿದ್ದೆ. ಅದು ನೆಗೆಟಿವ್ ಬಂತು. ಅದನ್ನೇ ಬಳಸಿ, ಈ ಸಲ ಐಸಿಯು ಇರುವ ಕಡೆ, ಧಾರವಾಡದಲ್ಲಿ ಆಪರೇಷನ್ ಮುಗಿಸಿದೆವು.