ಬೆಂಗಳೂರಲ್ಲಿ ತಿಂಡಿಗೆ ಹೊರಡುವ ಮುಂಚೆ ವಾರದ ರಜೆ ನೋಡಿಕೊಳ್ಳಿ

ಊರಿಂದ ಬೆಂಗಳೂರಿಗೆ ಬರುವವರು ಹಳೇ ಹೋಟೆಲುಗಳ ಪಟ್ಟಿ ಹಿಡಿದೇ ಬರುತ್ತೀರಿ. ದಯವಿಟ್ಟು ರಜೆ ದಿನವನ್ನೂ ಅದರ ಜೊತೆ ಬರೆದಿಟ್ಟುಕೊಳ್ಳಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಭಾನುವಾರ ಮುಚ್ಚಿರುತ್ತದೆ. ಮಧ್ಯಾಹ್ನದ ಹೊತ್ತು ಕೆಲವು ಗಂಟೆ ಬಾಗಿಲು ಹಾಕುವವರೂ ಇದ್ದಾರೆ, ಹೊರಡುವ ಮುಂಚೆ ಒಂದು ಫೋನ್ ಮಾಡಿ.

ಶನಿವಾರ, ಭಾನುವಾರ ಬೆಳಗ್ಗೆ ಕ್ಯೂ ಜಾಸ್ತಿ. ಹೆಸರು ಬರೆಸಿ ಕಾಯಬೇಕಾಗುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ವಾರದ ನಡುವೆ ಹೋಗುವುದೇ ಒಳ್ಳೆಯದು. ಇಲ್ಲವೇ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ದರ್ಶಿನಿಗಳ, ಅಂದರೆ ನಾವೇ ತಿಂಡಿ ತಂದುಕೊಂಡು ಹೆಚ್ಚಾಗಿ ನಿಂತೇ ತಿನ್ನುವ ಹೋಟೆಲುಗಳ ರೀತಿ ಬೇರೆ. ಮೊದಲು ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಬಿಲ್ ತಗೊಳ್ಳಬೇಕು, ಆಮೇಲೆ ಅದನ್ನು ಅಡುಗೆ ಕೌಂಟರಿನಲ್ಲಿ ಕೊಡಬೇಕು. ಕಾಫಿಯನ್ನೂ ಒಟ್ಟಿಗೇ ಬಿಲ್ ಮಾಡಿಸಿ, ಆದರೆ ತಿಂಡಿ ಮುಗಿದ ಮೇಲೆ ತಗೊಳ್ಳಿ. ಇಲ್ಲದಿದ್ದರೆ ದೋಸೆ ಮುಗಿಯುವಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ. ಇಡ್ಲಿ ವಡೆ ಹೇಳುವಾಗ ‘ಸಾಂಬಾರ್ ಬೇರೆ ಕೊಡಿ’ ಅನ್ನಿ, ಸುರಿದೇ ಕೊಟ್ಟರೆ ವಡೆ ಗರಿಗರಿಯಾಗಿ ಉಳಿಯುವುದಿಲ್ಲ. ಬ್ರಾಹ್ಮಿನ್ಸ್‌ನಲ್ಲಿ ಮಾತ್ರ ಸಾಂಬಾರ್ ಕೇಳಬೇಡಿ, ಅಲ್ಲಿ ಚಟ್ನಿಯೇ ಎಲ್ಲ. ಎಷ್ಟು ಸಲ ಕೇಳಿದರೂ ಹಾಕುತ್ತಾರೆ, ಅದೂ ಪ್ರೀತಿಯಿಂದ!

ನಿಂತು ತಿನ್ನಲು ಕಷ್ಟ ಆಗುವವರಿದ್ದರೆ ಕೂರಲು ಜಾಗ ಇದೆಯಾ ಅಂತ ಮೊದಲೇ ವಿಚಾರಿಸಿ. ಎಷ್ಟೋ ದರ್ಶಿನಿಗಳಲ್ಲಿ ಕುರ್ಚಿಯೇ ಇರುವುದಿಲ್ಲ.