ಕ್ಲೌನ್ ಮೀನಿನ ಬಣ್ಣ ಬದಲಾಯ್ತಾ? ಔಷಧಿ ಬಾಟಲಿ ಆಮೇಲೆ ಮುಟ್ಟಿ

ಡೊಂಬಿವಲಿಯ ನಮ್ಮ ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಒಂದು ಜೋಡಿ ಕ್ಲೌನ್ ಮೀನುಗಳಿವೆ, ಬಿಳಿ ಪಟ್ಟೆಯ ಕೇಸರಿ ಮೀನುಗಳು. ಟ್ಯಾಂಕಿಗೆ ಹೊಸ ಅನಿಮೋನ್ (ಈ ಮೀನು ಆಸರೆ ಪಡೆಯುವ, ಕುಟುಕುವ ಕಡಲಜೀವಿ) ಬಿಟ್ಟ ನಾಲ್ಕನೇ ದಿನ ದೊಡ್ಡ ಮೀನಿನ ಕೆನ್ನೆಯ ಮೇಲೆ ಮಸಿ ತಾಗಿದ ಹಾಗೆ ಕಪ್ಪು ಮಚ್ಚೆಗಳು ಎದ್ದವು. ಗಾಬರಿಯಲ್ಲಿ ಅಂಗಡಿಗೆ ಓಡಿದೆ. ಅಲ್ಲಿ ಕೊಟ್ಟ ನೀಲಿ ಔಷಧಿಯನ್ನು ಸೀದಾ ಟ್ಯಾಂಕಿಗೇ ಸುರಿದೆ. ಅದರಲ್ಲಿ ತಾಮ್ರವಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಸೀಗಡಿ ಎರಡೂ ಅಂಗಾತ ಬಿದ್ದಿದ್ದವು, ಅನಿಮೋನ್ ಮುದುಡಿತ್ತು. ಮೀನಿಗೆ ಮಾತ್ರ ಏನೂ ಆಗಿರಲಿಲ್ಲ. ಮೊದಲೂ ಏನೂ ಆಗಿರಲಿಲ್ಲ!

ಹಾಗಾಗಿ ಮೊದಲು ಗಡಿಯಾರ ನೋಡಿ. ರಾತ್ರಿ ಕತ್ತಲಲ್ಲಿ ಈ ಮೀನಿನ ಬಣ್ಣ ಪೇಲವವಾಗುವುದು ಸಹಜ. ಲೈಟ್ ಹಾಕಿ ಒಂದು ಗಂಟೆ ಬಿಡಿ. ನೀಲಿ ಎಲ್‌ಇಡಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಬಿಳಿ ಬೆಳಕಲ್ಲಿ ಒಂದು ಫೋಟೊ ತೆಗೆದಿಡಿ. ನಾಳೆ ಅದೇ ಹೊತ್ತಿಗೆ ಇನ್ನೊಂದು.

ಆಮೇಲೆ ನೀರು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಬಿಸಿ 24ರಿಂದ 27 ಡಿಗ್ರಿ, ಉಪ್ಪುನೀರಿನ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರ ಆಸುಪಾಸು. ನಮ್ಮ ಮೇ ತಿಂಗಳ ಸೆಕೆಯಲ್ಲಿ ನೀರು ಬೇಗ ಆರುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಇಳಿದಷ್ಟು ನೀರನ್ನು ಆರ್‌ಒ ನೀರಿನಿಂದಲೇ ತುಂಬಿ. ಉಪ್ಪುನೀರು ಬೇಡ, ಕ್ಲೋರಿನ್ ಇರುವ ನಲ್ಲಿ ನೀರೂ ಬೇಡ.

ಈಗ ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಕಪ್ಪು ಮಚ್ಚೆ, ಅದೂ ಅನಿಮೋನ್ ಅಥವಾ ಹವಳಕ್ಕೆ ಮೈ ಉಜ್ಜುವ ಕಡೆಯೇ ಇದ್ದು, ಮೀನು ಚೆನ್ನಾಗಿ ತಿನ್ನುತ್ತಿದ್ದರೆ ಸುಮ್ನೆ ಬಿಡಿ. ಅನಿಮೋನ್ ಕುಟುಕಿಗೆ ಮೈ ಒಗ್ಗಿಕೊಳ್ಳುವಾಗ ಹೀಗಾಗುತ್ತದೆ, ಕೆಲವು ವಾರಗಳಲ್ಲಿ ಮಾಸುತ್ತದೆ.

ಬಿಳಿ ಅಥವಾ ಹಳದಿ ಬಣ್ಣ ಕಂಡರೆ ಮಾತ್ರ ಉದಾಸೀನ ಬೇಡ, ಅದು ಪರಾವಲಂಬಿ ಜೀವಿಗಳಿಂದ ಬರುವ ರೋಗವಿರಬಹುದು. ಉಪ್ಪಿನ ಹರಳಿನಂಥ ಚುಕ್ಕೆ ಇದ್ದರೆ ಇಕ್. ಮೈಮೇಲೆ ಅರಿಶಿನದ ಧೂಳು ಕೂತಂತಿದ್ದರೆ ವೆಲ್ವೆಟ್. ಗಂಜಿ ಆರಿದಾಗ ಕೆನೆ ಕಟ್ಟುತ್ತದಲ್ಲ, ಹಾಗೆ ಲೋಳೆ ಸುಲಿಯುತ್ತಿದ್ದು, ಮೀನು ಏದುಸಿರು ಬಿಡುತ್ತಿದ್ದರೆ ಬ್ರೂಕ್ಲಿನೆಲ್ಲಾ. ಕೊನೆಯ ಎರಡು ಒಂದೆರಡು ದಿನದಲ್ಲೇ ಮೀನನ್ನು ಕೊಲ್ಲಬಲ್ಲವು. ತಕ್ಷಣ ಮೀನನ್ನು ಬೇರೆ ತೊಟ್ಟಿಗೆ ಹಾಕಿ, ಗಾಳಿ ಜಾಸ್ತಿ ಮಾಡಿ, ಗೊತ್ತಿರುವವರನ್ನು ಕೇಳಿಯೇ ಚಿಕಿತ್ಸೆ ಶುರು ಮಾಡಿ. ಇಕ್, ವೆಲ್ವೆಟ್‌ಗೆ ಅದೇ ತಾಮ್ರವೇ ಮದ್ದು, ಆದರೆ ಆ ಬೇರೆ ತೊಟ್ಟಿಯಲ್ಲಿ.

ಇದ್ಯಾವುದೂ ಅಲ್ಲದೆ ಕೇಸರಿ ಬಣ್ಣ ನಿಧಾನವಾಗಿ ಮಂಕಾಗುತ್ತಿದ್ದರೆ ಊಟ ಬದಲಿಸಿ. ಈ ಬಣ್ಣದ ಕೆರೋಟಿನಾಯ್ಡ್‌ಗಳನ್ನು ಮೀನಿನ ಮೈ ತಯಾರಿಸಿಕೊಳ್ಳಲಾರದು, ತಿಂದದ್ದರಿಂದಲೇ ಬರಬೇಕು. ಮೈಸಿಸ್ (ಪುಟ್ಟ ಸೀಗಡಿಯಂಥ ಜೀವಿ), ಸ್ಪಿರುಲಿನಾ (ನೀಲಿ-ಹಸಿರು ಪಾಚಿ), ಮಾರ್ಕೆಟ್ಟಿನ ತಾಜಾ ಸೀಗಡಿಯ ಚೂರು, ಹೀಗೆ ಬದಲಿಸಿ ಬದಲಿಸಿ ಕೊಡಿ.

ಇನ್ನು ವಯಸ್ಸು. ಮಾಟುಂಗದ ನಮ್ಮ ಅತ್ತಿಗೆ ಟೊಮೆಟೊ ಕ್ಲೌನ್ ಮರಿ ತಂದಿದ್ದರು. ಪಟ್ಟೆಗಳು ಒಂದೊಂದಾಗಿ ಮಾಯವಾದಾಗ, ಬಣ್ಣ ಬಳಿದು ಮಾರಿದ್ದಾನೆ ಅಂತ ಅಂಗಡಿಯವನ ಮೇಲೆ ಸಿಟ್ಟಾದರು. ಪಾಪ, ಅವನ ತಪ್ಪಲ್ಲ. ಆ ಜಾತಿಯ ಮರಿಗೆ ಎರಡು ಮೂರು ಪಟ್ಟೆ, ದೊಡ್ಡದಕ್ಕೆ ತಲೆಯ ಹಿಂದೆ ಒಂದೇ. ಆಸ್ಟ್ರೇಲಿಯಾದ ಡಾರ್ವಿನ್ ಕಡೆಯ ಕಪ್ಪು ಕ್ಲೌನ್‌ನದು ಇನ್ನೂ ಚೆಂದ: ಮರಿಯಲ್ಲಿ ಕೇಸರಿ, ಬೆಳೆದಂತೆ ಕಪ್ಪು.

ನಮ್ಮ ಮೀನಿನ ಮಚ್ಚೆ ಮೂರು ವಾರಕ್ಕೆ ಹೋಯಿತು. ತಾಮ್ರ ಮಾತ್ರ ಕಲ್ಲು, ಮರಳಿಗೆ ಹಿಡಿದುಕೊಂಡಿದೆ. ಸೀಗಡಿಯನ್ನು ಇನ್ನೂ ತಂದಿಲ್ಲ.